ಉಣ್ಣುವ ಅನ್ನ ಪ್ರಸಾದವಾಗಲಿ

ವೀರಶೈವ ಧರ್ಮದ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಇಷ್ಟಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ ಪದಾರ್ಥವೇ ಪ್ರಸಾದ. ತಟ್ಟೆಯಲ್ಲಿ ಏನಿದೆ, ಅದು ಕಾಯಕ್ಕೆ ಹಿತವೋ ಅಹಿತವೋ ಎಂಬುದನ್ನು ಅರಿತು ಅರ್ಪಿಸುವುದು ಭಕ್ತನ ಕರ್ತವ್ಯ. ದೇಹವನ್ನೇ ದೇಗುಲವೆಂದು ನಂಬಿದವರಿಗೆ ಆಹಾರದ ವಿಚಾರವು ಧರ್ಮದ ಹೊರಗಿನದಾಗಲಾರದು.

ಎರಡು ತಲೆಮಾರಿನ ಹಿಂದೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಿಳಿ ಅನ್ನವೆಂದರೆ ಹಬ್ಬದ ಊಟ. ದಿನನಿತ್ಯಕ್ಕೆ ಜೋಳದ ರೊಟ್ಟಿ, ಕಾಳು ಪಲ್ಯ, ಮೆಂತೆ ಸೊಪ್ಪು, ಅಗಸಿ ಇಲ್ಲವೇ ಗುರೆಳ್ಳಿನ ಹಿಂಡಿ, ಮಜ್ಜಿಗೆ. ಮೈಸೂರು ಸೀಮೆಯಲ್ಲಿ ರಾಗಿ ಮುದ್ದೆ, ಸೊಪ್ಪಿನ ಸಾರು. ಬಡವರ ಊಟವೆಂದು ಹೆಸರಾದರೂ ಅದರಲ್ಲಿ ಸತ್ವವಿತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು.

1960ರ ದಶಕದ ಹಸಿರು ಕ್ರಾಂತಿ ಭತ್ತ, ಗೋಧಿಗಳಿಗೆ ಬಲ ತಂದಿತು. ಪಡಿತರ ಅಂಗಡಿ ಅಕ್ಕಿಯನ್ನು ಮನೆಮನೆಗೆ ಮುಟ್ಟಿಸಿತು. ಹಸಿವನ್ನು ಓಡಿಸಿದ ಆ ಅಕ್ಕಿಯನ್ನು ನಾವು ಹಳಿಯುವುದಿಲ್ಲ. ಆದರೆ ಅಕ್ಕಿಯೊಂದೇ ಊಟವಾದಾಗ ಕಾಳು, ಸೊಪ್ಪುಗಳು ತಟ್ಟೆಯಿಂದ ಜಾರಿದವು. 1990ರ ದಶಕದಿಂದ ಅಗ್ಗದ ತಾಳೆಎಣ್ಣೆ ಹೊರದೇಶದಿಂದ ಹೇರಳವಾಗಿ ಬಂದು, ಕರಿದ ತಿಂಡಿ ಬೀದಿಬೀದಿಗೆ ಸಿಗುವಂತಾಯಿತು. ರಾಯಚೂರು, ಯಾದಗಿರಿಗಳಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಕುಟುಂಬಗಳನ್ನು ನೋಡಿರಿ. ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿಯಲು ಜಾಗವಿಲ್ಲ, ಹೊತ್ತೂ ಇಲ್ಲ. ದಿನವಿಡೀ ಇಟ್ಟಿಗೆ ಹೊತ್ತ ತಾಯಿ ಒಂದು ಪಾತ್ರೆ ಅನ್ನವಿಟ್ಟು ತಿಳಿಸಾರು ಮಾಡುತ್ತಾಳೆ. ಅಳುವ ಮಗುವಿಗೆ ಚಿಪ್ಸ್ ಪೊಟ್ಟಣ ಕೊಡುತ್ತಾಳೆ. ಅದು ನಾಲಗೆಯ ಚಪಲವಲ್ಲ, ಮೈದಣಿವು. ಅವಳನ್ನು ನಿಂದಿಸುವುದು ಅಧರ್ಮ.

ಫಲವೇನಾಯಿತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ಪಟ್ಟಣದ ಮಹಿಳೆಯರಲ್ಲಿ ನೂರಕ್ಕೆ 33 ಮಂದಿಗೆ ಅತಿತೂಕ. ಹಳ್ಳಿಗಳಲ್ಲಿ 20 ಮಂದಿಗೆ. ಹೊಟ್ಟೆ ತುಂಬಿದೆ, ರಕ್ತ ಬತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜಿಸಿತು.

ಕಾಲಿನ ಹುಣ್ಣು ಮಾಯುತ್ತಿಲ್ಲ, ವಿಭೂತಿ ಕೊಡಿ ಎಂದು ಬರುವ ಭಕ್ತರುಂಟು. ಅವರಲ್ಲಿ ನಲವತ್ತು ದಾಟದವರೂ ಇದ್ದಾರೆ. ವಿಭೂತಿ ಕೊಡುತ್ತೇವೆ, ಇಂದೇ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿರಿ ಎಂದೂ ಹೇಳುತ್ತೇವೆ. ದುಡಿಯುವ ಕಾಲನ್ನೇ ಕಳೆದುಕೊಂಡರೆ ಕಾಯಕವೆಲ್ಲಿ? ಕಾಯಕವಿಲ್ಲದೆ ದಾಸೋಹವೆಲ್ಲಿ?

ಭಾರತದ ಕೋರಿಕೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. ಒಳ್ಳೆಯದೇ. ಆದರೆ ಒಣಭೂಮಿಯ ರೈತ ಬೆಳೆದ ಧಾನ್ಯವು ಬಣ್ಣದ ಪೊಟ್ಟಣ ಸೇರಿ ಸಿರಿವಂತರ ಪಥ್ಯವಾಗಿ, ಗಾರೆಯವನ ಕೈಗೆಟುಕದೆ ಹೋದರೆ ಅದು ದಾಸೋಹ ತತ್ವಕ್ಕೆ ಒಪ್ಪದು. ಸಕ್ಕರೆ ಬೆರೆಸಿದ ಸಿರಿಧಾನ್ಯದ ಬಿಸ್ಕತ್ತೂ ಬಿಸ್ಕತ್ತೇ.

ಆದ್ದರಿಂದ ಭಕ್ತರಿಗೆ ನಮ್ಮ ಸೂಚನೆ ಇಷ್ಟೇ. ಮನೆಯಲ್ಲಿ ಅನ್ನ ಕಡಿಮೆಯಾಗಲಿ, ಕಾಳು ಸೊಪ್ಪು ಹೆಚ್ಚಲಿ. ಅಡಿಗೆಯ ಭಾರವನ್ನು ಹೆಂಗಸರ ಮೇಲಷ್ಟೇ ಹೊರಿಸದೆ ಗಂಡಸರೂ ಕೈಜೋಡಿಸಲಿ. ರೊಟ್ಟಿ ಬಡಿಯುವುದೂ ಕಾಯಕವೇ. ಜಾತ್ರೆ, ಮದುವೆ, ಗೃಹಪ್ರವೇಶಗಳ ಪಂಕ್ತಿಯಲ್ಲಿ ಜೋಳ ಅಥವಾ ರಾಗಿಯ ಒಂದು ಪದಾರ್ಥವಿರಲಿ. ಅದನ್ನು ಊರಿನ ರೈತನಿಂದಲೇ ಕೊಳ್ಳಿರಿ. ಪಟ್ಟಣದಲ್ಲಿ ಮನೆ ಕಟ್ಟಿಸುವವರು, ಕಟ್ಟುವ ಕೂಲಿಯವರಿಗೆ ಮಧ್ಯಾಹ್ನ ಒಂದು ಹೊತ್ತು ಕಾಳಿನ ಊಟ ಹಾಕಿಸಿರಿ. ಹೊಸ ಮನೆಗೆ ಅದಕ್ಕಿಂತ ದೊಡ್ಡ ಪೂಜೆ ಬೇಕಿಲ್ಲ.

ಡಬ್ಬಿಯಲ್ಲಿ ರೊಟ್ಟಿ ತಂದ ಮಗು ಶಾಲೆಯಲ್ಲಿ ನಾಚದೆ ಬಿಚ್ಚಿ ಉಣ್ಣುವಂತಾಗಲಿ, ಎಲ್ಲರ ಅನ್ನವೂ ಪ್ರಸಾದವಾಗಲಿ ಎಂದು ಹಾರೈಸುತ್ತೇವೆ.