ಮನೆಗೆ ಸಿಮ್ ರೌಟರ್: ಕೊಳ್ಳುವ ಮುನ್ನ ಏನು ನೋಡಬೇಕು?

ನೀಲಗಿರಿಯ ಬುಡ, ಭವಾನಿ ನದಿಯ ದಂಡೆ: ಇದು ಮೆಟ್ಟುಪಾಳ್ಯಂ. ಪಕ್ಕದ ಸಿರುಮುಗೈಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರಿದ್ದಾರೆ. ಮಗ್ಗದಿಂದ ಇಳಿದ ರೇಷ್ಮೆ ಸೀರೆಯ ವಿಡಿಯೊ ಗಿರಾಕಿಗೆ ತಲುಪಬೇಕಾದರೆ ನೆಟ್ ಬೇಕು. ಫೈಬರ್ ಕೇಬಲ್ ಬಾರದ ಮನೆಗೆ ಒಂದು ದಾರಿ ಸಿಮ್ ಹಾಕುವ ರೌಟರ್.

ಮೊದಲು ಸಿಗ್ನಲ್ ನೋಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಸ್ಟೇಟಸ್’ ತೆರೆದರೆ ಡಿಬಿಎಂ ಅಂಕಿ ಸಿಗುತ್ತದೆ. ಮೈನಸ್ 85ರ ಆಸುಪಾಸಿದ್ದರೆ ಚೆನ್ನ. ಮೈನಸ್ 110ಕ್ಕಿಂತ ಕೆಳಗಿಳಿದರೆ ಪರದಾಟವೇ. ಕಿಟಕಿ, ಜಗಲಿ, ಮಹಡಿ, ಎಲ್ಲ ಕಡೆಯೂ ಅಳೆಯಿರಿ. ಟವರ್ ಮೇಲೆ ಹೊರೆ ಹೆಚ್ಚುವುದು ರಾತ್ರಿ ಎಂಟರ ಮೇಲೆ. ಸ್ಪೀಡ್ ಟೆಸ್ಟ್ ಆಗಲೇ ಮಾಡಿ.

ಇನ್ನು ಬ್ಯಾಂಡ್. ಜಿಯೊ 5ಜಿ 700 ಮತ್ತು 3500 ಮೆಗಾಹರ್ಟ್ಸ್ ಎರಡರಲ್ಲೂ ಓಡುತ್ತದೆ. 700 ದೂರ ಹೋಗುತ್ತದೆ, ಗೋಡೆ ತೂರುತ್ತದೆ. 3500ಕ್ಕೆ ವೇಗ ಜಾಸ್ತಿ. ಆದರೆ ಗುಡ್ಡ ಅಡ್ಡ ಬಂದರೆ, ಅಡಿಕೆ ತೋಟ ದಟ್ಟವಾಗಿದ್ದರೆ ಅದು ಸೊರಗುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಎನ್28 (700), ಎನ್78 (3500) ಎರಡೂ ಇವೆಯೇ, ‘ಎಸ್‌ಎ’ (4ಜಿಯ ನೆರವಿಲ್ಲದೆ ತಾನೇ ಓಡುವ 5ಜಿ) ಎಂದಿದೆಯೇ ಎಂದು ಓದಿ.

4ಜಿ ಸಾಕೆ? ಕ್ಯಾಟ್-4 ದರ್ಜೆಯ ರೌಟರಿನ ಗರಿಷ್ಠ ವೇಗ 150 ಎಂಬಿಪಿಎಸ್, ಕ್ಯಾಟ್-6ರದ್ದು 300. ಇದು ಕಾಗದದ ಮೇಲಿನ ಲೆಕ್ಕ, ಮನೆಯಲ್ಲಿ ಸಿಗುವುದು ಕಡಿಮೆ.

ಸಿಗ್ನಲ್ ಮಂಕಾಗಿದ್ದರೆ ಹೊರಗಿನ ಆಂಟೆನಾ ಸಿಕ್ಕಿಸುವ ಪೋರ್ಟ್ ಇರುವುದನ್ನೇ ತೆಗೆದುಕೊಳ್ಳಿ. 2023ರಲ್ಲಿ ಬಂದ, 5ಜಿ ಸಿಗ್ನಲ್ ಮೂಲಕ ಮನೆಗೆ ನೆಟ್ ಕೊಡುವ ಏರ್‌ಫೈಬರ್ ಸೇವೆಗಳಲ್ಲಿ ಕಂಪನಿಯವರೇ ಛಾವಣಿಗೆ ಉಪಕರಣ ಕೂರಿಸುತ್ತಾರೆ; ಆ ಉಪಕರಣಕ್ಕೆ ಬೇರೆ ಕಂಪನಿಯ ಸಿಮ್ ಹಾಕಲಾಗದು.

ಕರೆಂಟ್ ಹೋಗುವ ಊರಾದರೆ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಬರೆದುಕೊಂಡು ಅದಕ್ಕೆ ಹೊಂದುವ ಮಿನಿ ಯುಪಿಎಸ್ ಜೊತೆಗೇ ತನ್ನಿ.