ಹಳೆಯ ಕಾರಿಗೆ ವೇಷ ಕಟ್ಟುವ ಮುನ್ನ

ಮಳೆಗಾಲ ಕಳೆದು ಅಂಗಳದಲ್ಲಿ ಅಡಿಕೆ ಹರಡುವ ಹೊತ್ತಿಗೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಮನೆಗಳ ಮಗ್ಗುಲಲ್ಲಿ ಟರ್ಪಾಲು ಹೊದ್ದು ಮಲಗಿದ್ದ ಹಳೆಯ ಕಾರುಗಳೂ ಮುಸುಕು ಸರಿಸಿ ಹೊರಗೆ ಬರುತ್ತವೆ. ತಂದೆಯ ಕಾಲದಲ್ಲಿ ಮನೆಗೆ ಬಂದ ಮಾರುತಿ 800, ಮಾವ ಊರು ಬಿಡುವಾಗ ಬಿಟ್ಟುಹೋದ ಆಲ್ಟೊ, ಗುಡ್ಡದ ತೋಟಕ್ಕೆ ಗೊಬ್ಬರ ಹೊತ್ತು ಸವೆದ ಜೀಪು. ಮನೆಯ ತರುಣನಿಗೆ ಅದು ಕೈಗೆಟಕುವ ಮೊದಲ ವಾಹನ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲ; ಇದ್ದುದನ್ನೇ ಇದ್ದ ಹಾಗೆ ಓಡಿಸಲು ಮನಸ್ಸಿಲ್ಲ. ಹೀಗೆ ಹುಟ್ಟುವ ಹವ್ಯಾಸವನ್ನು ಗೆಳೆಯರ ಬಳಗ ‘ಮೋಡಿಫೈ’ ಎಂದು ಕರೆಯುತ್ತದೆ. ಕನ್ನಡದ ‘ಮೋಡಿ’ ಆ ಮಾತಿನೊಳಗೆ ಅಡಗಿ ಕುಳಿತಿರುವುದು ಆಕಸ್ಮಿಕವಾದರೂ ಅರ್ಥಪೂರ್ಣವೇ.

ಈ ಹವ್ಯಾಸಕ್ಕೆ ಮಾರುತಿ 800 ಹೇಳಿಮಾಡಿಸಿದ ವಾಹನ. 1983ರ ಡಿಸೆಂಬರ್ 14ರಂದು ಮೊದಲ ಕಾರು ಗ್ರಾಹಕನ ಕೈ ಸೇರಿತು. 2014ರ ಜನವರಿಯಲ್ಲಿ ಅದರ ತಯಾರಿ ನಿಂತಿತು. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನು, ಹನ್ನೆರಡು ಇಂಚಿನ ಪುಟ್ಟ ಚಕ್ರಗಳು, ಹಗುರವಾದ ಮೈ. ಮೂರು ದಶಕಗಳ ಕಾಲ ದೇಶದ ಉದ್ದಗಲಕ್ಕೂ ಓಡಿದ ಕಾರಾದುದರಿಂದ ಅದರ ಅಂತರಂಗವನ್ನು ಅರಿಯದ ಮೆಕ್ಯಾನಿಕ್ ಇಲ್ಲ. ಬಿಡಿಭಾಗಕ್ಕಾಗಿ ದೂರ ಅಲೆಯಬೇಕಾದ ಅಗತ್ಯವೂ ಕಡಿಮೆ. ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರಿನ ಗುಜರಿ ಅಂಗಡಿಗಳಿವೆ.

ಆದರೆ ಹವ್ಯಾಸಿಯ ಕೈಯಲ್ಲಿರುವ ಅಲ್ಪ ಹಣ ಮೊದಲು ಹೋಗುವುದು ಎಲ್ಲಿಗೆ? ಬಹುಮಟ್ಟಿಗೆ ಅಲಾಯ್ ಚಕ್ರಕ್ಕೆ, ಸದ್ದು ಮಾಡುವ ಸೈಲೆನ್ಸರಿಗೆ, ಬಾಗಿಲಿನ ಸ್ಟಿಕ್ಕರಿಗೆ. ಬಣ್ಣಗಾರಿಕೆ ಮುಗಿಸಿ, ಕಿರೀಟವನ್ನೂ ಕಟ್ಟಿದ ಮೇಲೆ ವೇಷಧಾರಿಗೆ ಜ್ವರವಿದೆಯೆಂದು ತಿಳಿದಂತಾಗುತ್ತದೆ ಮುಂದಿನ ಕಥೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಪಡುವಣದ ಉದ್ದಕ್ಕೂ ಉಪ್ಪುಗಾಳಿ ಬೀಸುವ ಈ ಜಿಲ್ಲೆಯಲ್ಲಿ ಹಳೆಯ ಕಾರಿನ ನಿಜವಾದ ಶತ್ರು ತುಕ್ಕು. ಅದು ಕಣ್ಣಿಗೆ ಬೀಳುವ ಕಡೆಯಿಂದ ಆರಂಭವಾಗುವುದಿಲ್ಲ. ಕಾಲ್ಚಾಪೆಯ ಅಡಿಯ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೆ ಸಾಗುವ ಪಟ್ಟಿ, ಜಾಕ್ ಕೊಡುವ ಜಾಗ, ಚಕ್ರದ ಕಮಾನಿನ ಒಳಮೈ, ಬ್ಯಾಟರಿಯ ತಟ್ಟೆ: ಇವು ಅದರ ಗೂಡುಗಳು.

ಖರ್ಚಿಲ್ಲದ ಮೊದಲ ಕೆಲಸವೊಂದಿದೆ. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ನೀರು ಬಸಿಯಲೆಂದೇ ಕಾರ್ಖಾನೆಯವರು ಸಣ್ಣ ತೂತುಗಳನ್ನಿಟ್ಟಿರುತ್ತಾರೆ. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಅಲ್ಲಿಂದ ಹೊರಗೆ ಹೋಗಬೇಕು. ಮರದಡಿ ನಿಲ್ಲಿಸಿದ ಕಾರಿನಲ್ಲಿ ತರಗೆಲೆಯ ಪುಡಿಯೂ ಕೆಂಪು ಮಣ್ಣೂ ಸೇರಿ ಈ ತೂತುಗಳು ಮುಚ್ಚಿಹೋಗುತ್ತವೆ. ಬಾಗಿಲು ಒಳಗಿನಿಂದ ಕೊಳೆಯತೊಡಗುತ್ತದೆ. ಒಂದು ತೆಂಗಿನ ಗರಿಯ ಕಡ್ಡಿ ಸಾಕು, ಸಾವಿರಾರು ರೂಪಾಯಿಯ ಟಿಂಕರಿಂಗ್ ಕೆಲಸ ಉಳಿಯುತ್ತದೆ. ತುಕ್ಕು ಆಗಲೇ ಹಿಡಿದಿದ್ದರೆ ತಂತಿಯ ಬ್ರಶ್ಶಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ತಗಡು ತೂತಾದಲ್ಲಿ ಹೊಸ ತುಂಡನ್ನು ಬೆಸೆದು, ಪ್ರೈಮರ್ ಬಳಿದ ಮೇಲೆಯೇ ಮುಂದಿನ ಕೆಲಸ. ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದು ಮಳೆಗಾಲ ದಾಟುವುದು ಕಷ್ಟ. ತೇವವಿರುವ ತುಕ್ಕಿನ ಮೇಲೆ ಕಪ್ಪು ಡಾಮರಿನ ಲೇಪ ಕೊಡುವುದಂತೂ ಇನ್ನೂ ಕೆಟ್ಟದ್ದು; ಲೇಪದ ಅಡಿಯಲ್ಲಿ ನೀರು ಸೆರೆಯಾಗಿ, ಹೊರಗೆ ನೋಡಲು ಭದ್ರವಾಗಿ ಕಾಣುವ ತಗಡು ಒಳಗೆ ಪುಡಿಯಾಗುತ್ತದೆ. ಬಣ್ಣದ ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರವರಿಯ ವರೆಗಿನ ಒಣಹವೆಯೇ ಮೇಲು. ಗಾಳಿಯಲ್ಲಿ ತೇವವಿರುವಾಗ ಸಿಂಪಡಿಸಿದ ಬಣ್ಣ ಹೊಳಪುಗುಂದಿ ಮಬ್ಬಾಗುತ್ತದೆ.

ಕಾರಿನ ಅಡಿಗೆ ನುಸುಳುವ ಕೆಲಸದಲ್ಲಿ ಪ್ರಾಣದ ಪ್ರಶ್ನೆಯೇ ಇದೆ. ನಮ್ಮ ಕಡೆ ಮನೆ ಕಟ್ಟಿ ಉಳಿದ ಮುರಕಲ್ಲು ಎಲ್ಲರ ಅಂಗಳದಲ್ಲೂ ಬಿದ್ದಿರುತ್ತದೆ. ಜಾಕಿನಿಂದ ಎತ್ತಿದ ಕಾರಿಗೆ ಅದನ್ನೇ ಊರೆ ಕೊಡಲು ಕೈ ಹೋಗುವುದು ಸಹಜ. ಗೋಡೆಯಲ್ಲಿ ಭಾರವನ್ನು ಸಮನಾಗಿ ಹೊರುವ ಆ ಕಲ್ಲು, ಕಬ್ಬಿಣದ ಅಂಚೊಂದು ಒಂದೇ ಬಿಂದುವಿನಲ್ಲಿ ಒತ್ತಿದಾಗ ಮುನ್ಸೂಚನೆಯಿಲ್ಲದೆ ಸೀಳಬಲ್ಲದು. ಬರಿಯ ಜಾಕನ್ನು ನಂಬಿ ಅಡಿಗೆ ಹೋಗುವುದೂ ಅಷ್ಟೇ ಅಪಾಯ. ಉಕ್ಕಿನ ಸ್ಟ್ಯಾಂಡುಗಳ ಜೋಡಿಯೊಂದನ್ನು ಕೊಂಡ ಬಳಿಕವೇ ಅಲಾಯ್ ಚಕ್ರದ ಯೋಚನೆ ಮಾಡಬೇಕು. ಬೆಸುಗೆಯ ಕೆಲಸವಿದ್ದರೆ ಬ್ಯಾಟರಿಯ ಸಂಪರ್ಕ ತೆಗೆದು, ಪೆಟ್ರೋಲ್ ಟ್ಯಾಂಕಿನ ಹತ್ತಿರವಾದರೆ ಟ್ಯಾಂಕನ್ನೇ ಇಳಿಸಿ ಮುಂದುವರಿಯಬೇಕು.

ಮೈ ಗಟ್ಟಿಯಾದ ಮೇಲೆ ಬ್ರೇಕು ಮತ್ತು ಟಯರು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ದ್ರವ. ಕರಾವಳಿಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸದಿದ್ದರೆ, ಘಟ್ಟ ಇಳಿಯುವಾಗ ಕಾದು ಆವಿಯಾಗಿ ಪೆಡಲು ನೆಲಕ್ಕೆ ಕುಸಿಯುವ ಭಯವಿದೆ. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕೆಗಳು ಅದರ ಜಾತಕ: 3519 ಎಂದಿದ್ದರೆ 2019ರ 35ನೆಯ ವಾರದಲ್ಲಿ ತಯಾರಾದದ್ದು. ಮಾದರಿ ಸವೆಯದಿದ್ದರೂ ವಯಸ್ಸಾದ ರಬ್ಬರು ಗಡುಸಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಸಣ್ಣ ಕಾರಿಗೆ ಅಗಲ ಟಯರು ತೊಡಿಸುವುದು ನೋಟಕ್ಕೆ ಚೆನ್ನ. ಆದರೆ ಹಗುರ ಕಾರು ಅಗಲ ಟಯರಿನ ಮೇಲೆ ನಿಂತ ನೀರಿನಲ್ಲಿ ತೇಲುವುದು ಸುಲಭ, ಸ್ಟಿಯರಿಂಗ್ ಭಾರವಾಗುತ್ತದೆ, ಚಕ್ರದ ಸುತ್ತಳತೆ ಬದಲಾದರೆ ವೇಗದ ಮುಳ್ಳು ಸುಳ್ಳು ಹೇಳತೊಡಗುತ್ತದೆ. ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವವರ ಮಾತು ಬೇರೆ. ನಮ್ಮ ಒಳರಸ್ತೆಯ ಹಂಪುಗಳೇ ಅವರಿಗೆ ಉತ್ತರ ಕೊಡುತ್ತವೆ.

ಮಂದ ಬೆಳಕಿನ ಹೆಡ್‌ಲೈಟಿಗೆ ಹೆಚ್ಚು ವಾಟಿನ ಬಲ್ಬು ಹಾಕುವುದು ಮತ್ತೊಂದು ಸಾಮಾನ್ಯ ತಪ್ಪು. ಹಳೆಯ ತಂತಿ ಕಾದು ಸ್ವಿಚ್ಚು ಕರಗುತ್ತದೆ, ಎದುರಿನವನ ಕಣ್ಣು ಕುರುಡಾಗುತ್ತದೆ. ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಸಹಿತ ದಪ್ಪ ತಂತಿ ಎಳೆದು ರಿಲೇ ಅಳವಡಿಸಿದರೆ, ದಾರಿಯಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜು ದೀಪಕ್ಕೆ ತಲಪಿ 60/55 ವಾಟಿನ ಮೂಲ ಬಲ್ಬೇ ಹೊಸದರಂತೆ ಬೆಳಗುತ್ತದೆ. ಪೆಟ್ರೋಲಿನ ಮಾತೂ ಬದಲಾಗಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡ 20ರಷ್ಟು ಎಥನಾಲ್ ಬೆರೆತ ಇಂಧನ. ಅದಕ್ಕಾಗಿ ತಯಾರಾಗದ ಕಾರ್ಬುರೇಟರ್ ಕಾಲದ ಕಾರುಗಳಲ್ಲಿ ರಬ್ಬರ್ ಕೊಳವೆ, ಗ್ಯಾಸ್ಕೆಟುಗಳು ಬೇಗ ಹಾಳಾಗಬಹುದು. ಹೊಸ ಕೊಳವೆಗೆ ಹೆಚ್ಚು ದುಡ್ಡಿಲ್ಲ, ಬಿಸಿ ಎಂಜಿನಿನ ಮೇಲೆ ಪೆಟ್ರೋಲ್ ಸೋರಿದರೆ ಮಾತ್ರ ಕಾರೇ ಉಳಿಯಲಾರದು.

ಇಷ್ಟೆಲ್ಲ ಮಾಡಿದವನನ್ನೂ ಕಂಗೆಡಿಸಬಲ್ಲದ್ದು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನಿನಂತೆ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಕೂಡದು. ಕೇರಳದಿಂದಲೇ ಮೇಲೇರಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಟಿಗೆ ಆರು ತಿಂಗಳ ವರೆಗೆ ಸಜೆ, ಇಲ್ಲವೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. 2021ರ ಆಗಸ್ಟಿನಲ್ಲಿ ನೆರೆಯ ಕಣ್ಣೂರಿನಲ್ಲಿ ಯೂಟ್ಯೂಬಿನ ಸಹೋದರರಿಬ್ಬರ ವ್ಯಾನನ್ನು ಇಲಾಖೆ ವಶಪಡಿಸಿಕೊಂಡದ್ದು, ಕಚೇರಿಯಲ್ಲಿ ಗದ್ದಲವೆಬ್ಬಿಸಿದ ಆರೋಪದಲ್ಲಿ ಅವರ ಬಂಧನವಾದದ್ದು ಇಡೀ ರಾಜ್ಯದಲ್ಲಿ ಸುದ್ದಿಯಾಗಿತ್ತು. ಕಾರಿನ ಬಣ್ಣ ಬದಲಿಸುವುದಾದರೆ ಅದನ್ನು ನೋಂದಣಿ ಪತ್ರದಲ್ಲಿ ಬರೆಸಿಕೊಳ್ಳಬೇಕು. ಒಪ್ಪಿಗೆಯಿಲ್ಲದ ಮಾರ್ಪಾಟನ್ನು ಮುಚ್ಚಿಟ್ಟರೆ ಅಪಘಾತದ ದಿನ ವಿಮಾ ಕಂಪೆನಿಗೆ ತಕರಾರು ತೆಗೆಯಲು ಅದೇ ಕಾರಣ ಸಾಕು.

ಇದೇ ಕಾಯಿದೆ ಬಾಗಿಲು ತೆರೆದಿಟ್ಟ ಕಡೆಯೂ ಒಂದಿದೆ, ಅದನ್ನು ಅರಿತವರು ಕಡಿಮೆ. ಅಂಗವೈಕಲ್ಯವುಳ್ಳವರ ಬಳಕೆಗಾಗಿ ಕಾರನ್ನು ಕೈಯಿಂದಲೇ ನಡೆಸುವಂತೆ ಮಾರ್ಪಡಿಸಲು ನೋಂದಣಿ ಅಧಿಕಾರಿಯ ಅನುಮತಿ ಪಡೆಯಬಹುದು. ಮನೆಯ ಮೂಲೆಯಲ್ಲಿ ಮಲಗಿರುವ ಹಳೆಯ ಕಾರಿಗೆ ಇದಕ್ಕಿಂತ ಸಾರ್ಥಕವಾದ ಮಾರ್ಪಾಟು ಬೇರೊಂದಿರಲಾರದು.

ಗಡಿನಾಡಿನವರಿಗೆ ಮತ್ತೊಂದು ತೊಡಕು. ಅಗ್ಗವೆಂದು ಮಂಗಳೂರಿನಿಂದಲೋ ಪುತ್ತೂರಿನಿಂದಲೋ ತಂದ ಕೆಎ 19, ಕೆಎ 21ರ ಕಾರನ್ನು ಕೇರಳದಲ್ಲಿ ಹನ್ನೆರಡು ತಿಂಗಳಿಗೂ ಮಿಕ್ಕಿ ಇಟ್ಟುಕೊಂಡರೆ ಇಲ್ಲಿನ ನಂಬ್ರ ಪಡೆಯಲೇಬೇಕು. ಅದಕ್ಕೆ ಅಲ್ಲಿನ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು, ಚಾಸಿ ನಂಬ್ರದ ಪೆನ್ಸಿಲ್ ಅಚ್ಚು ತೆಗೆದು ಅರ್ಜಿಗೆ ಲಗತ್ತಿಸಬೇಕು. ಆ ನಂಬ್ರ ಕೊರೆದ ತಗಡನ್ನೇ ತುಕ್ಕು ತಿಂದಿದ್ದರೆ ಮಾಡಿದ ಖರ್ಚೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಆದುದರಿಂದ ಕೊಳ್ಳುವ ಮೊದಲೇ, ಬೆಲೆ ಮಾತಾಡುವುದಕ್ಕೂ ಮುಂಚೆ, ಟಾರ್ಚು ಹಿಡಿದು ಆ ಅಂಕೆಗಳನ್ನು ಓದಬೇಕು.

ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 600 ರೂಪಾಯಿಯಿದ್ದದ್ದು 2022ರ ಎಪ್ರಿಲ್ 1ರಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000 ಮಾಡಲಾಯಿತು. ಕೇರಳದ ಹಸಿರು ತೆರಿಗೆ ಬೇರೆ. ಐವತ್ತು ವರ್ಷ ದಾಟಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆಯಾದರೂ, ಅವು ಮೂಲರೂಪದಲ್ಲೇ ಉಳಿದಿರಬೇಕೆಂಬ ಷರತ್ತಿದೆ. 1983ರ ಮೊದಲ ಮಾರುತಿಗೂ ಆ ಮರ್ಯಾದೆ ಸಿಗಬೇಕಾದರೆ 2033ರ ವರೆಗೆ ಕಾಯಬೇಕು. ಆ ತನಕ ಐದು ವರ್ಷಕ್ಕೊಮ್ಮೆ ಕಚೇರಿಯ ಅಂಗಳದಲ್ಲಿ ನಿಂತು, ಬ್ರೇಕು ತುಳಿದು, ದೀಪ ಉರಿಸಿ, ಹೊಗೆ ತೋರಿಸಿ ಅದು ಪರೀಕ್ಷೆ ಕೊಡುತ್ತಲೇ ಇರಬೇಕು.