ರಾಜಿ ಎಂಬ ಮಾತು
(ಬಾನುಲಿ ಭಾಷಣ)

ಶಬ್ದಗಳಿಗೂ ಮನುಷ್ಯರ ಹಾಗೆ ಏಳುಬೀಳುಗಳುಂಟು. 'ರಾಜಿ' ಅಂಥದೊಂದು ಶಬ್ದ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದ ಈ ಮಾತಿಗೆ ಮೂಲದಲ್ಲಿದ್ದ ಅರ್ಥ 'ಮನಸಾರೆ ಒಪ್ಪಿದ', 'ಸಮಾಧಾನಗೊಂಡ' ಎಂದು. 'ರಾಜಿಖುಷಿಯಿಂದ ಬರೆದುಕೊಟ್ಟ ಪತ್ರ' ಎನ್ನುವಾಗ ಆ ಅರ್ಥವೇ ಇದೆ. ಇದರ ಸಂತಾನವಾದ 'ರಾಜೀನಾಮೆ'ಯೂ ಮೊದಲಿಗೆ ಒಪ್ಪಿಗೆಯ ಪತ್ರವೇ. ಇಂದು ಅದು ಅಧಿಕಾರವನ್ನು ಬಿಟ್ಟುಹೋಗುವ ಪತ್ರವಾಗಿದೆ. ಒಪ್ಪುವುದು ಮರೆಯಾಗಿ ಬಿಡುವುದು ಮಾತ್ರ ಉಳಿಯಿತು. 'ರಾಜಿ'ಯ ಪಾಡೂ ಇದೇ ಆಗಿದೆ. ಹೊಲದ ಪಾಲಿನ ತಕರಾರಿನಲ್ಲಿ ಹೆಣ್ಣುಮಗಳು 'ರಾಜಿಯಾದಳು' ಎಂದು ಕೇಳಿದರೆ, ಆಕೆ ಸಮಾಧಾನಗೊಂಡಳೆಂದು ನಾವು ಯಾರೂ ತಿಳಿಯುವುದಿಲ್ಲ, ಬಿಟ್ಟುಕೊಟ್ಟಳೆಂದು ತಿಳಿಯುತ್ತೇವೆ. ಜಗಳವನ್ನು ಶಾಂತಿಯಿಂದ ಬಗೆಹರಿಸುವುದೆಂದರೆ ಏನು, ಬಗೆಹರಿಸಿದಂತೆ ತೋರಿಸುವುದೆಂದರೆ ಏನು ಎಂಬ ವ್ಯತ್ಯಾಸವೆಲ್ಲ ಈ ಒಂದು ಮಾತಿನ ಇಳಿತದಲ್ಲಿ ಅಡಗಿದೆ.

ವಿಜಯಪುರದಲ್ಲಿ ಬಹುಕಾಲ ವಕೀಲಿ ಮಾಡಿದವನು ನಾನು. ಆಮೇಲೆ ಮಧ್ಯಸ್ಥಿಕೆಯ ತರಬೇತಿಯನ್ನು ಪಡೆದು ಆ ಕೆಲಸವನ್ನೂ ಮಾಡುತ್ತ ಬಂದಿದ್ದೇನೆ. ಗೋಲಗುಮ್ಮಟದ ಮುಂದೆ ಹಾದುಹೋಗುವ ಸ್ಟೇಷನ್ ರಸ್ತೆಯಲ್ಲಿ ನನ್ನ ಕಚೇರಿ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬಸ್ಸಿಳಿದು ಬರುವವರ ಕೈಚೀಲದಲ್ಲಿ ಹೊಲದ ಉತಾರಗಳಿರುತ್ತವೆ, ಹಳೆಯ ಖರೀದಿಪತ್ರಗಳಿರುತ್ತವೆ. ಹಿಂದೆ ಬದುವಿನ ತಂಟೆ, ಬಾವಿಯ ನೀರಿನ ಪಾಳಿಯ ತಂಟೆ ಹೆಚ್ಚು. ಈಗ ಅಣ್ಣ ತಂಗಿಯರ ನಡುವಿನ ಪಾಲಿನ ತಂಟೆಗಳು ಮುಂದೆ ಬಂದಿವೆ. ಇದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ತುಬಚಿ–ಬಬಲೇಶ್ವರದಂಥ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಒಣಭೂಮಿಯ ಕಡೆಗೆ ಬಂದಂತೆ, ಯಾರೂ ಕೇಳದಿದ್ದ ಎರೆಹೊಲಕ್ಕೂ ಬೆಲೆ ಬಂದಿತು. ಇದು ಮೊದಲನೆಯದು. ಕಾನೂನು ಬದಲಾದುದು ಎರಡನೆಯದು.

ಆ ಕಾನೂನನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕುಂಟೆಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರಿಗೆ ಅದು ಅನ್ವಯಿಸಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಅನ್ವಯವಾದ ಕೇಂದ್ರದ ತಿದ್ದುಪಡಿ, ಮದುವೆಯಾದವರು ಆಗದವರು ಎಂಬ ಭೇದವನ್ನು ಕಳೆಯಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಮುಗಿದುಹೋದ ವಾಟಣಿಗಳನ್ನು ಮಾತ್ರ ಕೆದಕುವಂತಿಲ್ಲ.

ಹಕ್ಕು ಹೀಗೆ ಕಾಗದದ ಮೇಲೆ ಗಟ್ಟಿಯಾಯಿತು. ಆದರೆ ನಮ್ಮ ಕಡೆಯ ಹೆಣ್ಣುಮಗಳಿಗೆ ತವರು ಎಂಬುದೊಂದಿದೆ. ಪಂಚಮಿಗೆ ಕರೆಯಲು ಬರುವ ಅಣ್ಣ, ಉಡಿ ತುಂಬುವ ಅತ್ತಿಗೆ, ಮಗಳ ಮದುವೆಯಲ್ಲಿ ಮುಂದೆ ನಿಲ್ಲುವ ಸೋದರಮಾವ, ಇವರೆಲ್ಲ ಸೇರಿ ತವರು. ದಾವೆ ಹಾಕಿದರೆ ಹೊಲ ಸಿಕ್ಕೀತು, ತವರು ಹೋದೀತು. ಹಾಕದಿದ್ದರೆ ತವರು ಉಳಿದೀತು, ಹೊಲ ಹೋದೀತು. ಎರಡರಲ್ಲಿ ಒಂದನ್ನೇ ಆರಿಸಿಕೋ ಎಂದು ಅಣ್ಣಂದಿರಿಗೆ ಯಾರೂ ಹೇಳುವುದಿಲ್ಲ. ತಂಗಿಗೆ ಮಾತ್ರ ಹೇಳುತ್ತಾರೆ. ಮಧ್ಯಸ್ಥಿಕೆ ಎಂಬ ದಾರಿಯ ಪ್ರಯೋಜನ ತಿಳಿಯಬೇಕಾದದ್ದು ಇಂಥ ಕಡೆಯಲ್ಲಿಯೇ.

ವ್ಯಾಜ್ಯಕ್ಕೆ ಮೂರು ಬಾಗಿಲುಗಳಿವೆ. ನ್ಯಾಯಾಲಯದಲ್ಲಿ ನ್ಯಾಯಾಧೀಶರು ಸಾಕ್ಷ್ಯವನ್ನು ನೋಡಿ ತೀರ್ಪು ಕೊಡುತ್ತಾರೆ. ಪಂಚರ ಮುಂದೆ ಹೋದರೆ, ಇಬ್ಬರೂ ಒಪ್ಪಿ ನೇಮಿಸಿಕೊಂಡ ಮೂರನೆಯವರು ತೀರ್ಪು ಕೊಡುತ್ತಾರೆ. ಮೂರನೆಯದಾದ ಮಧ್ಯಸ್ಥಿಕೆಯಲ್ಲಿ ತೀರ್ಪೇ ಇಲ್ಲ. ಮಧ್ಯಸ್ಥನಿಗೆ ಯಾರು ಸರಿ, ಯಾರು ತಪ್ಪು ಎಂದು ಹೇಳುವ ಅಧಿಕಾರವಿಲ್ಲ. ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳುವಂತೆ ಮಾಡುವುದು, ಅವರಿಗೆ ಕಾಣದೆ ಇದ್ದ ದಾರಿಗಳನ್ನು ಅವರೇ ಕಾಣುವಂತೆ ಮಾಡುವುದು, ಇಷ್ಟೇ ಆತನ ಕೆಲಸ. ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಎಲ್ಲರೂ ಕೂಗಿದಾಗ ಪ್ರತಿಯೊಬ್ಬನಿಗೂ ತನ್ನ ಕೂಗೇ ಮತ್ತೆ ಮತ್ತೆ ಕೇಳುತ್ತದೆ. ಉಳಿದವರು ಸುಮ್ಮನಿದ್ದಾಗ ಮಾತ್ರ ಆಚೆ ಬದಿಯ ಪಿಸುಮಾತು ಈಚೆಗೆ ಮುಟ್ಟುತ್ತದೆ. ಮಧ್ಯಸ್ಥನು ಮೊದಲು ಮಾಡಬೇಕಾದದ್ದು ಆ ಮೌನವನ್ನು ಉಂಟುಮಾಡುವ ಕೆಲಸ.

ಮಧ್ಯಸ್ಥಿಕೆಯ ಕೋಣೆಯಲ್ಲಿ ಆಡಿದ ಮಾತು ಹೊರಗೆ ಬರಬಾರದು. ಮುಂದೆ ನ್ಯಾಯಾಲಯದಲ್ಲಿಯೂ ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಆದ್ದರಿಂದ ನಾನು ಕಂಡ ಯಾವ ಕುಟುಂಬದ ಕಥೆಯನ್ನೂ ಇಲ್ಲಿ ಹೇಳಲಾರೆ. ವಿಷಯ ತಿಳಿಯಲೆಂದು ಒಂದು ಕಲ್ಪಿತ ಕುಟುಂಬವನ್ನು ನಿಮ್ಮ ಮುಂದೆ ಇಡುತ್ತೇನೆ.

ತಿಕೋಟಾದ ಕಡೆಯ ಒಂದು ಮನೆತನ. ತಂದೆತಾಯಿ ಇಬ್ಬರೂ ತೀರಿಕೊಂಡಿದ್ದಾರೆ. ಇಬ್ಬರು ಅಣ್ಣಂದಿರು, ಒಬ್ಬ ತಂಗಿ. ಪಿತ್ರಾರ್ಜಿತ ಭೂಮಿ 12 ಎಕರೆ. ಅದರಲ್ಲಿ 4 ಎಕರೆ ದ್ರಾಕ್ಷಿಯ ಪಡ, 8 ಎಕರೆ ಜೋಳ ಬೆಳೆಯುವ ಎರೆ. ತಂದೆಯ ದಿನಕರ್ಮ ಮುಗಿದ ವಾರದಲ್ಲೇ ಅಣ್ಣಂದಿರು ಹಕ್ಕುಬಿಡುಗಡೆಯ ಪತ್ರ ಬರೆಸಿ ತಂಗಿಯ ಸಹಿಗೆ ತಂದರು. ಆಕೆ ಸಹಿ ಮಾಡಲಿಲ್ಲ, ದಾವೆ ಹೂಡಿದಳು.

ನ್ಯಾಯಾಲಯ ಕೇಳುವ ಪ್ರಶ್ನೆ ಒಂದೇ: ಪಾಲು ಎಷ್ಟು? ಉತ್ತರವೂ ಸುಲಭ: ಮೂರರಲ್ಲೊಂದು. ಆದರೆ ಪ್ರಾಥಮಿಕ ಡಿಕ್ರಿ, ಅದರ ಮೇಲೆ ಮೇಲ್ಮನವಿ, ಕಮಿಷನರರ ಅಳತೆ, ಅಂತಿಮ ಡಿಕ್ರಿ ಎಂದು ತಾರೀಖುಗಳು ವರ್ಷಗಟ್ಟಲೆ ನಡೆಯುತ್ತವೆ. ಕೊನೆಗೆ ಅಳತೆಯ ಸರಪಳಿ ದ್ರಾಕ್ಷಿಯ ಪಡದ ನಡುವೆ ಹಾದರೆ, ಕಂಬ ತಂತಿಗಳ ಚಪ್ಪರ ಮೂರು ತುಂಡಾಗಿ ಯಾರಿಗೂ ಪೂರ್ತಿ ದಕ್ಕದೆ ಹೋಗುತ್ತದೆ. ತೀರ್ಪು ತಪ್ಪೆಂದು ಇದರ ಅರ್ಥವಲ್ಲ. ತೀರ್ಪಿಗೆ ಕೇಳಲು ಬಂದದ್ದು ಆ ಒಂದೇ ಪ್ರಶ್ನೆ.

ಮಧ್ಯಸ್ಥನು ಮೊದಲು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸುತ್ತಾನೆ. ಆಮೇಲೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕಾಣುತ್ತಾನೆ. ಎಲ್ಲರ ಮುಂದೆ ಅಣ್ಣ, 'ಮದುವೆಯಲ್ಲಿ ಬಂಗಾರ ಹಾಕಿ ಕೊಟ್ಟಾಗಿದೆ, ಇನ್ನೇನು?' ಎನ್ನುತ್ತಾನೆ. ಒಬ್ಬನೇ ಕುಳಿತಾಗ ಬೇರೆ ಮಾತು ಬರುತ್ತದೆ. ಪಡಕ್ಕೆ ತೆಗೆದ ಸಾಲ ಇನ್ನೂ ತೀರಿಲ್ಲ, ತುಂಡು ಬಿದ್ದರೆ ಕಂತು ಕಟ್ಟಲಾಗದು, ಭಾವ ಆ ತುಂಡನ್ನು ಪರರಿಗೆ ಮಾರಿದರೆ ನೀರಿನ ದಾರಿಯೂ ಹೋದೀತು. ಇದು ಲೋಭಕ್ಕಿಂತ ಹೆಚ್ಚಾಗಿ ಅಂಜಿಕೆ. ತಂಗಿಯೂ ಎಲ್ಲರ ಮುಂದೆ 'ನನ್ನ ಪಾಲು ನನಗೆ ಕೊಡ್ರಿ' ಎಂದಷ್ಟೇ ಅನ್ನುತ್ತಾಳೆ. ಪ್ರತ್ಯೇಕವಾಗಿ ಕೇಳಿದಾಗ, 'ಅಣ್ಣ ನನ್ನ ಒಂದು ಮಾತು ಕೇಳಬೇಕಿತ್ತು. ಕೇಳದ ಕಾಗದ ಹಿಡಕೊಂಡು ಬಂದ' ಎನ್ನುತ್ತಾಳೆ. ಮಗಳನ್ನು ಮುಂದೆ ಓದಿಸಲು ಹಣ ಬೇಕೆಂಬುದೂ ಆಗ ಹೊರಬೀಳುತ್ತದೆ. ಕೋರ್ಟಿನ ಕಾಗದದಲ್ಲಿ ಈ ಸಾಲ, ಈ ಅಂಜಿಕೆ, ಈ ಅವಮಾನ, ಈ ಅಗತ್ಯ ಯಾವುದಕ್ಕೂ ಸ್ಥಳವಿರಲಿಲ್ಲ.

ಇವಿಷ್ಟೂ ಮುಂದಕ್ಕೆ ಬಂದ ಮೇಲೆ ದಾರಿಗಳು ಹಲವಾಗುತ್ತವೆ. ಪಡ ಒಡೆಯದೆ ಅಣ್ಣಂದಿರಲ್ಲೇ ಉಳಿಯಬಹುದು. ತಂಗಿಗೆ ಎರೆಯಲ್ಲಿ, ಹಾದಿಗೆ ಹತ್ತಿದ 5 ಎಕರೆ ಬರಬಹುದು. ಬೆಲೆಯಲ್ಲಿ ಉಳಿದ ಅಂತರವನ್ನು ಒಣದ್ರಾಕ್ಷಿ ಮಾರಿದ ಹಂಗಾಮಿನಲ್ಲಿ ಮೂರು ಕಂತುಗಳಾಗಿ, ತಪ್ಪಿದರೆ ಏನೆಂಬ ಕರಾರಿನೊಂದಿಗೆ ಕೊಡಬಹುದು. ಆಕೆ ಮುಂದೆ ಮಾರುವುದಾದರೆ ಮೊದಲು ಅಣ್ಣಂದಿರನ್ನು ಕೇಳಬೇಕೆಂದು ಬರೆಯಬಹುದು. ಇದೊಂದೇ ದಾರಿಯೆಂದಲ್ಲ. ಯಾವ ದಾರಿಯಾದರೂ ಅದು ಅವರ ಬಾಯಿಂದಲೇ ಬರಬೇಕು. ಬಂದದ್ದನ್ನು ಬರೆದು, ಎಲ್ಲರೂ ಸಹಿ ಮಾಡಿ ನ್ಯಾಯಾಲಯಕ್ಕೆ ಕಳಿಸಿದರೆ, ಅದು ಕಾನೂನಿಗೆ ಒಪ್ಪುವಂಥದೇ ಎಂದು ನ್ಯಾಯಾಧೀಶರು ನೋಡಿ ಡಿಕ್ರಿ ಮಾಡುತ್ತಾರೆ. ಒಪ್ಪಂದವಾಗದಿದ್ದರೆ 'ಆಗಲಿಲ್ಲ' ಎಂಬ ಒಂದೇ ವರದಿಯೊಡನೆ ದಾವೆ ಮೊದಲಿನ ಜಾಗಕ್ಕೆ ಮರಳುತ್ತದೆ. ಯಾರ ಹಕ್ಕೂ ಕಡಿಮೆಯಾಗುವುದಿಲ್ಲ.

ಕಂತಿನ ಮಾತು ಸಣ್ಣದೆಂದು ಕಾಣಬಹುದು. ಗಾಂಧೀಜಿಯವರ ವಕೀಲಿ ಬದುಕು ತಿರುಗಿದ್ದೇ ಕಂತಿನ ಮೇಲೆ. 1893ರಲ್ಲಿ ಅವರು ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಮತ್ತು ತಯ್ಯಬ್ ಸೇಠ್ ಎಂಬ ಇಬ್ಬರು ಬಂಧುಗಳ ವ್ಯಾಜ್ಯಕ್ಕಾಗಿ. ಇಬ್ಬರನ್ನೂ ಒಪ್ಪಿಸಿ ಪಂಚರ ತೀರ್ಮಾನಕ್ಕೆ ಬಿಡಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ಸೋತವರು ಸುಮಾರು 37,000 ಪೌಂಡುಗಳನ್ನೂ ಖರ್ಚನ್ನೂ ಒಮ್ಮೆಗೇ ಕೊಡಬೇಕಾಗಿದ್ದರೆ ದಿವಾಳಿಯಾಗುತ್ತಿದ್ದರು. ವ್ಯಾಜ್ಯ ಅಲ್ಲಿಗೆ ಮುಗಿದಿತ್ತು. ಗಾಂಧೀಜಿ ಅಲ್ಲಿಗೆ ನಿಲ್ಲಲಿಲ್ಲ. ದೀರ್ಘಕಾಲದ ಕಂತುಗಳಿಗೆ ದಾದಾ ಅಬ್ದುಲ್ಲಾರನ್ನು ಒಪ್ಪಿಸಲು, ಪಂಚಾಯಿತಿಗೆ ಒಪ್ಪಿಸಿದ್ದಕ್ಕಿಂತ ಹೆಚ್ಚು ಶ್ರಮಪಟ್ಟರು. ಗೆದ್ದವನ ಹಕ್ಕೂ ಉಳಿಯಿತು, ಸೋತವನ ಮಾನವೂ ಉಳಿಯಿತು.

ಇಷ್ಟು ಕೇಳಿದ ಮೇಲೆ, 'ಇದನ್ನೇ ಅಲ್ಲವೆ ನಮ್ಮ ಊರ ಕಟ್ಟೆಯ ಹಿರಿಯರು ಮಾಡುತ್ತ ಬಂದದ್ದು?' ಎಂದು ಶ್ರೋತೃಗಳಲ್ಲಿ ಕೆಲವರಿಗೆ ಅನ್ನಿಸಬಹುದು. ಕೆಲವೆಡೆ ಹೌದು. ಎರಡೂ ಕಡೆಯ ಮಾತು ಕೇಳಿ, ಯಾರನ್ನೂ ನೋಯಿಸದೆ ತಂಟೆ ತೀರಿಸಿದ ಹಿರಿಯರು ನಮ್ಮಲ್ಲಿ ಇದ್ದರು, ಇದ್ದಾರೆ. ಆದರೆ ಕಟ್ಟೆಯ ಮೇಲೆ ಕುಳಿತವರೆಲ್ಲ ಗಂಡಸರು, ಅವರಲ್ಲಿ ಅರ್ಧ ಜನ ಅಣ್ಣನ ಗೆಳೆಯರು. ಅವರ ಕೆಳಗೆ ಸೆರಗು ಹೊದ್ದು ನಿಂತ ಒಬ್ಬಳೇ ಹೆಣ್ಣುಮಗಳು. 'ತವರಿನ ಮಾನ ಕಳೀಬ್ಯಾಡವಾ, ಸಹಿ ಮಾಡಿಬಿಡು' ಎಂಬ ಬುದ್ಧಿಮಾತು. ಅಲ್ಲಿ ಕೈ ಎತ್ತಿದವರಿಲ್ಲ, ಕೆಟ್ಟ ಮಾತಾಡಿದವರಿಲ್ಲ. ಆದರೂ ಅದನ್ನು ಅಹಿಂಸೆ ಎನ್ನಲಾರೆ.

ಹಾಗಾದರೆ ನಿಜವಾದ ರಾಜಿಯನ್ನು ಗುರುತಿಸುವುದು ಹೇಗೆ? ನನ್ನ ಅನುಭವದಲ್ಲಿ ಮೂರು ಪ್ರಶ್ನೆಗಳು ಸಾಕು. ಕೂರುವ ಮೊದಲು ದುರ್ಬಲ ಪಕ್ಷಕ್ಕೆ ತನ್ನ ಹಕ್ಕು ಎಷ್ಟೆಂದು ತಿಳಿದಿತ್ತೇ? ಆ ಪಕ್ಷದವರನ್ನು ಯಾರಾದರೂ ಏಕಾಂತದಲ್ಲಿ ಮಾತನಾಡಿಸಿ ಕೇಳಿದರೇ? 'ಒಲ್ಲೆ' ಎಂದು ಎದ್ದುಹೋಗಿದ್ದರೆ ಕೇಡಿಲ್ಲದೆ ಮನೆ ಮುಟ್ಟುವಂತಿತ್ತೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಆಕೆ ತನ್ನ ಪಾಲನ್ನೆಲ್ಲ ಅಣ್ಣನಿಗೆ ಬಿಟ್ಟರೂ ಅದು ದಾನ. ಒಂದಕ್ಕೆ ಇಲ್ಲವೆಂದು ಬಂದರೂ, ಆಕೆಗೆ ಸಿಕ್ಕದ್ದು ಎಷ್ಟೇ ಇರಲಿ, ಅದು ಒತ್ತಾಯ. 'ಒಲ್ಲೆ' ಎನ್ನಲಾರದವರ 'ಹೂಂ' ಒಪ್ಪಿಗೆಯಲ್ಲ.

ಒತ್ತಾಯಕ್ಕೆ ಪ್ರೀತಿಯ ವೇಷವೂ ಉಂಟು. ಇದನ್ನು ಕಂಡುಕೊಂಡವರೂ ಗಾಂಧೀಜಿಯೇ. 1918ರಲ್ಲಿ ಅಹಮದಾಬಾದಿನ ಗಿರಣಿ ಕೆಲಸಗಾರರು ನೂರಕ್ಕೆ 35ರಷ್ಟು ಕೂಲಿ ಹೆಚ್ಚಳ ಕೇಳಿದರು. ಮಾಲೀಕರು 20ಕ್ಕಿಂತ ಮೇಲೇರಲಿಲ್ಲ. ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ. ಕೆಲಸಗಾರರ ಬೆನ್ನಿಗೆ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್. ಅಕ್ಕತಮ್ಮಂದಿರ ವಾತ್ಸಲ್ಯ ಮಾತ್ರ ಈ ಹೋರಾಟದಲ್ಲಿ ಮುರಿಯಲಿಲ್ಲ. ಕೆಲಸಗಾರರ ಧೈರ್ಯ ಕುಗ್ಗುತ್ತ ಬಂದಾಗ ಗಾಂಧೀಜಿ ಉಪವಾಸ ಕೂತರು. ಮೂರು ದಿನಗಳಲ್ಲಿ ಮಾಲೀಕರು ಪಂಚರ ತೀರ್ಮಾನಕ್ಕೆ ಒಪ್ಪಿದರು. ಪಂಚರಾದ ಆನಂದಶಂಕರ ಧ್ರುವರು ಮುಂದೆ 35ನ್ನೇ ಕೊಡಿಸಿದರು. ಗೆಲುವು ಪೂರ್ಣವಾಗಿತ್ತು. ಆದರೂ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಆ ಉಪವಾಸದಲ್ಲಿ ದೋಷವಿತ್ತೆಂದು ಒಪ್ಪಿಕೊಂಡಿದ್ದಾರೆ. ಮಾಲೀಕರು ತಮ್ಮ ಮೇಲಿನ ಪ್ರೀತಿಗೆ ಮಣಿದರೇ ಹೊರತು ವಾದದ ನ್ಯಾಯಕ್ಕಲ್ಲ ಎಂಬ ಅಳುಕು ಅವರದು. ಬಲಾಢ್ಯರ ಮೇಲೆ ತಮ್ಮ ಪ್ರೀತಿಯ ಭಾರ ಬಿದ್ದುದಕ್ಕೆ ಅವರು ಅಷ್ಟು ನೊಂದರು. ದುರ್ಬಲಳ ಮೇಲೆ ತವರಿನ ಪ್ರೀತಿಯ ಭಾರ ಹೇರುವವರು ಎಷ್ಟು ಎಚ್ಚರದಿಂದಿರಬೇಕು!

ಎಲ್ಲ ಜಗಳಗಳೂ ಮಧ್ಯಸ್ಥಿಕೆಗೆ ತಕ್ಕವಲ್ಲ ಎಂಬುದನ್ನೂ ಹೇಳಬೇಕು. ಘೋರ ಅಪರಾಧ, ಜಾತಿಯ ದೌರ್ಜನ್ಯ, ಮೋಸದ ಕಾಗದ ಇವುಗಳನ್ನು ಕೂತು ಮಾತಾಡಿ ಮುಗಿಸುವುದು ಶಾಂತಿಯಲ್ಲ. ಹೊಡೆತಕ್ಕೆ ಅಂಜಿ ಬಂದವಳಿಗೆ ಮೊದಲು ಬೇಕಾದದ್ದು ರಕ್ಷಣೆ.

ದಿವಾಣಿ ವ್ಯಾಜ್ಯಗಳನ್ನು ನ್ಯಾಯಾಲಯವೇ ಸಂಧಾನಕ್ಕೆ ಕಳಿಸಬಹುದೆಂಬ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರ ಜುಲೈ 1ರಿಂದ ಜಾರಿಯಲ್ಲಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಬೆಂಗಳೂರಿನ ಮಧ್ಯಸ್ಥಿಕಾ ಕೇಂದ್ರ 2007ರಲ್ಲಿ ಆರಂಭವಾಯಿತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯ್ದೆ ಬಂದಿತು. ಅದರ ಕೆಲವು ಕಲಮುಗಳನ್ನು ಮಾತ್ರ ಮೊದಲು ಅದೇ ವರ್ಷದ ಅಕ್ಟೋಬರ್ 9ರಿಂದ ಜಾರಿಗೊಳಿಸಲಾಯಿತು. ಊರಿನ ಅಥವಾ ಓಣಿಯ ನೆಮ್ಮದಿ ಕೆಡಿಸುವ ತಂಟೆಗಳಿಗೆ ಮೂವರು ಮಧ್ಯಸ್ಥರ ಮಂಡಳಿ ಕೂರಬಹುದೆಂದು ಆ ಕಾಯ್ದೆ ಹೇಳುತ್ತದೆ. ಆದರೆ ಅಲ್ಲಿ ಆದ ಒಪ್ಪಂದವನ್ನು ಕೋರ್ಟಿನ ಡಿಕ್ರಿಯಂತೆ ಬಲವಂತದಿಂದ ಜಾರಿ ಮಾಡಿಸುವಂತಿಲ್ಲ ಎಂಬ ಮಾತನ್ನೂ ಸೇರಿಸಿದೆ. ಕಟ್ಟೆಯ ಒಪ್ಪಂದ ಮನಸ್ಸಿನ ಬಲದಿಂದಲೇ ನಿಲ್ಲಬೇಕೆಂಬುದು ಅದರ ಆಶಯವಿರಬೇಕು.

ಕೊನೆಗೆ ಉಪಯೋಗಕ್ಕೆ ಬರುವ ಒಂದು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಪ್ರತಿಯೊಬ್ಬ ಹೆಣ್ಣುಮಗಳಿಗೂ ಉಚಿತ ಕಾನೂನು ನೆರವಿನ ಹಕ್ಕುಂಟು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು. ಹಕ್ಕುಬಿಡುಗಡೆಯ ಪತ್ರವನ್ನು ಯಾರಾದರೂ ಮುಂದಿಟ್ಟಾಗ, ಅಕ್ಕಂದಿರೇ, ತಂಗಿಯರೇ, ಸಹಿಗೆ ಮೊದಲು ಅಲ್ಲಿಗೆ ಹೋಗಿ ಕೇಳಿಕೊಳ್ಳಿರಿ. ಕೇಳಿದ ಮೇಲೂ ಕೊಡಬೇಕೆನಿಸಿದರೆ ಧಾರಾಳವಾಗಿ ಕೊಡಿರಿ. ಅಣ್ಣಂದಿರಿಗೂ ಒಂದು ವಿನಂತಿ. ತಂಗಿಯನ್ನು ಪಂಚಮಿಗೆ ಕರೆಯಲು ಹೋಗುವಾಗ ಕಾಗದವನ್ನು ಜೊತೆಗೆ ಒಯ್ಯಬೇಡಿರಿ. ಮೊದಲು ಆಕೆಯನ್ನು ಕರೆತನ್ನಿರಿ. ಹೊಲದ ಮಾತನ್ನು ಇನ್ನೊಂದು ದಿನ, ಆಕೆ 'ಒಲ್ಲೆ' ಎಂದರೂ ಮರುವರ್ಷದ ಪಂಚಮಿಗೆ ತಪ್ಪದೆ ಬರುತ್ತೇವೆಂದು ಮೊದಲೇ ಹೇಳಿ, ಆಡಿರಿ.